ಕೀಲಿ ಹಾಕಿದ ಸೈಕಲ್ಲು

2001ನೇ ಇಸವಿ ಮೇ 28, ಸೋಮವಾರ. ಬೆಳಿಗ್ಗೆ ಏಳೂ ಕಾಲಿಗೆ ಕೊಟ್ಟೂರು ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಬಂದು ಕೂತಳು. ಒಳಗೆ ಬರಲಿಲ್ಲ, ಯಾರನ್ನೂ ಕರೆಯಲೂ ಇಲ್ಲ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದ ಹೆಡ್ ಕಾನ್‌ಸ್ಟೇಬಲ್ ಓಬಳೇಶಪ್ಪ ಆಕೆಯನ್ನು ನೋಡಿ, ಸಡಿಲ ಮಾಡಿದ್ದ ಬೆಲ್ಟನ್ನು ಮತ್ತೆ ಬಿಗಿದುಕೊಂಡ. ಕೂಗಾಡುತ್ತ ಬರುವವರ ಕೆಲಸ ಬೇಗ ಮುಗಿಯುತ್ತದೆ, ಮೆಟ್ಟಿಲ ಮೇಲೆ ಸುಮ್ಮನೆ ಕೂರುವವರದು ಮುಗಿಯುವುದಿಲ್ಲ ಅನ್ನುವುದು ಇಷ್ಟು ವರ್ಷದ ನೌಕರಿಯಲ್ಲಿ ಅವನಿಗೆ ಗೊತ್ತಾಗಿತ್ತು.

"ಏನವ್ವಾ?"

"ನಮ್ಮ ಯಜಮಾನ ರಸ್ತಿ ಬಾಜೂ ಮಲಗ್ಯಾನ್ರಿ. ಎಬ್ಬಿಸಿದ್ರ ಏಳವಲ್ಲ."

ಆಕೆಯ ಹೆಸರು ಬೊಮ್ಮಮ್ಮ. ಊರು ಹಗರಿಬೊಮ್ಮನಹಳ್ಳಿ ರಸ್ತೆಯ ಕೆಂಚವ್ವನಹಟ್ಟಿ. ಗಂಡ ಮೈಲಪ್ಪ ಕೊಟ್ಟೂರಿನ ಮಂಡಕ್ಕಿ ಭಟ್ಟಿಯಲ್ಲಿ ಕೂಲಿ. ದಿನಾ ಹೊತ್ತು ಮುಳುಗುವಾಗ ಸೈಕಲ್ ಹತ್ತಿ ಮನೆಗೆ ಬರುವವನು ನಿನ್ನೆ ಬರಲಿಲ್ಲ. ಭಟ್ಟಿಯಲ್ಲೇ ಉಳಿದಿರಬೇಕು ಅಂದುಕೊಂಡು ಆಕೆ ಉಂಡು ಮಲಗಿದ್ದಳು. ಬೆಳಿಗ್ಗೆ ಮೊದಲ ಬಸ್ಸಿನವನು ಹಟ್ಟಿಯ ಮುಂದೆ ನಿಲ್ಲಿಸಿ ಸುದ್ದಿ ಹೇಳಿದ. "ಉಂಡು ಮಲಗಿದ್ನ್ರಿ ನಾನು" ಅಂತ ಬೊಮ್ಮಮ್ಮ ಎರಡು ಸಲ ಅಂದಳು. ಓಬಳೇಶಪ್ಪ ಅದನ್ನು ದೂರಿನಲ್ಲಿ ಬರೆಯಲಿಲ್ಲ.

ಗುನ್ನೆ ನಂಬರ್ 41/2001, ಕಲಂ 279, 304(ಎ) ಐಪಿಸಿ. ವಾಹನ ಅಪರಿಚಿತ, ಚಾಲಕ ಅಪರಿಚಿತ. ಎಫ್‌ಐಆರ್‌ಗೆ ಆಕೆ ಹೆಬ್ಬೆಟ್ಟು ಒತ್ತಿದ ಮೇಲೆ ಪಿಎಸ್‌ಐ ಪ್ರವೀಣಕುಮಾರ್ ಜೀಪು ತೆಗೆಸಿದರು. ಹಡಗಲಿ ತಾಲೂಕಿನ ಇಟ್ಟಿಗಿಯವರು, ನೌಕರಿಗೆ ಸೇರಿ ಮೂರು ವರ್ಷ ಆಗಿತ್ತು. ಇನ್ನೂ ಪ್ರತಿ ಹೆಣದ ಮುಂದೆ ಟೋಪಿ ತೆಗೆಯುತ್ತಿದ್ದರು.

ಪಂಚನಾಮೆ ಬರೆಯಲು ಕೂತಾಗ ಓಬಳೇಶಪ್ಪನ ಪೆನ್ನು ಮೂರು ಕಡೆ ನಿಂತಿತು.

ಡಿಕ್ಕಿ ಆದದ್ದು ರಸ್ತೆಯಲ್ಲಿ. ಅಲ್ಲಿ ಗಾಜಿನ ಚೂರಿತ್ತು, ಚೀಲ ಒಡೆದು ಚೆಲ್ಲಿದ ಮಂಡಕ್ಕಿ ಗಾಳಿಗೆ ಬೇಲಿಯವರೆಗೂ ಹಾರಿತ್ತು. ಹೆಣ ಮಾತ್ರ ಅಲ್ಲಿಂದ ಹತ್ತು ಮಾರು ಆಚೆ, ಬೇವಿನ ಮರದ ಬುಡದಲ್ಲಿತ್ತು. ತಲೆಯ ಕೆಳಗೆ ಅವನದೇ ಟವಲ್ಲು ಮಡಿಚಿ ಇಟ್ಟಿತ್ತು. ಎರಡನೆಯದು, ಮುಖ ತೊಳೆದಿತ್ತು. ಅಂಗಿಯ ಎದೆ ನೀರಿನಲ್ಲಿ ನೆನೆದು ಒಣಗಿತ್ತು, ಕಿವಿಯ ಹತ್ತಿರ ಮಣ್ಣು ಕೆಸರಾಗಿ ಬಿರಿದಿತ್ತು. ಆ ದಿಕ್ಕಿಗೆ ಇನ್ನೂ ಒಂದು ಹನಿ ಮಳೆ ಬಿದ್ದಿರಲಿಲ್ಲ.

ಮೂರನೆಯದು ಸೈಕಲ್ಲು. ಹಿಂದಿನ ಗಾಲಿ ಹಪ್ಪಳದ ಹಾಗೆ ಸೊಟ್ಟಾಗಿತ್ತು. ಆದರೆ ಯಾರೋ ಅದನ್ನು ಎತ್ತಿ ಜಾಲಿಗಿಡಕ್ಕೆ ಒರಗಿಸಿ ನಿಲ್ಲಿಸಿದ್ದರು, ನಿಲ್ಲಿಸಿ ಕೀಲಿ ಹಾಕಿದ್ದರು. ಕೀಲಿಕೈ ಹೆಣದ ಜೇಬಿನಲ್ಲಿ, ಬೀಡಿ ಕಟ್ಟಿನ ಜೊತೆಗೆ ಸಿಕ್ಕಿತು.

"ಇದೇನ್ರೀ ಓಬಳೇಶಪ್ನೋರೆ?" ಅಂದರು ಪಿಎಸ್‌ಐ. "ಸಾಯಾಕತ್ತಿದಾವ ಸೈಕಲ್ಲಿಗೆ ಕೀಲಿ ಹಾಕ್ಯಾನಾ?"

ಪಂಚನಾಗಿ ನಿಂತಿದ್ದ ಹಟ್ಟಿಯ ಹಿರಿಯ ಚೌಡಣ್ಣ ಬಾಯಿ ಹಾಕಿದ. "ಮೈಲಪ್ಪ ಅಂಥಾವನ ಬಿಡ್ರಿ. ಗುಡಿ ಮುಂದೂ ಕೀಲಿ, ಮನಿಯೊಳಗ ಇಟ್ಟರೂ ಕೀಲಿ. ಆ ಸೈಕಲ್ಲು ಪುಕ್ಕಟೆ ಕೊಟ್ಟರೂ ಯಾವನೂ ಒಯ್ಯಂಗಿಲ್ಲ."

"ಕಾಲು ನೋಡ್ರಿ ಚೌಡಣ್ಣ. ಈ ಕಾಲಾಗ ಎದ್ದು ನಡ್ಯಾಕ ಬರ್ತತಾ?"

ಚೌಡಣ್ಣ ಕಾಲು ನೋಡಿ ಹಿಂದೆ ಸರಿದ.

ಗಾಜಿನ ಚೂರಿನ ನಡುವೆ ಬಿಳಿಯ ಪುಟ್ಟ ಚಿಪ್ಪುಗಳಿದ್ದವು, ಒಂದೊಂದಕ್ಕೂ ತೂತು ಕೊರೆದು ಕೆಂಪು ದಾರ ಪೋಣಿಸಿತ್ತು. ಓಬಳೇಶಪ್ಪ ಅಂಗೈಯಲ್ಲಿ ಹಾಕಿಕೊಂಡು ನೋಡಿದ. ಅವನು ಸಮುದ್ರ ಕಂಡವನಲ್ಲ. ಆದರೆ ಇಂಥ ಸರವನ್ನು ಪೊಲೀಸ್ ಲೈನಿನ ಅರ್ಧ ಮನೆಗಳ ಬಾಗಿಲಲ್ಲಿ ಕಂಡಿದ್ದ. ಬೇಸಿಗೆ ರಜೆಯಲ್ಲಿ ಗೋಕರ್ಣಕ್ಕೆ ಹೋದವರೆಲ್ಲ ತರುತ್ತಿದ್ದರು. ಅವನ ಹೆಂಡತಿ ಮಾರೆಮ್ಮ ಪ್ರತಿ ಬೇಸಿಗೆ ಕೇಳುತ್ತಿದ್ದಳು, ಪ್ರತಿ ಬೇಸಿಗೆ ಎಲ್ಲಾದರೂ ಬಂದೋಬಸ್ತ್ ಬೀಳುತ್ತಿತ್ತು.

"ಗಾಡಿ ಸಮುದ್ರದ ಕಡಿಂದ ಬಂದೈತಿ ಸಾರ್" ಅಂದ.

ಮಧ್ಯಾಹ್ನ ಶವಪರೀಕ್ಷೆ ಮಾಡಿದ ಡಾಕ್ಟರು ಕೈ ತೊಳೆಯುತ್ತ, "ಸೊಂಟದ ಎಲುಬು ಮುರಿದೈತಿ, ಒಳಗ ರಕ್ತ ಹೋಗೈತಿ. ಕೂಡ್ಲೇ ಸತ್ತಿಲ್ಲ. ಒಂದು ತಾಸಾದ್ರೂ ಜೀವ ಇತ್ತು. ಇಲ್ಲಿಗೆ ತಂದಿದ್ರ..." ಅಂದವರು ಮಾತು ಅಲ್ಲಿಗೇ ಬಿಟ್ಟರು. ಬೇವಿನ ಮರದಿಂದ ಆಸ್ಪತ್ರೆಗೆ ಗಾಡಿಯಲ್ಲಿ ಹತ್ತು ನಿಮಿಷದ ದಾರಿ.

"ಎತ್ತಿ ಮರದ ಬುಡಕ್ಕ ಹಾಕ್ಯಾನ, ನೀರು ಕೊಟ್ಟಾನ, ಸೈಕಲ್ಲಿಗೆ ಕೀಲಿನೂ ಹಾಕ್ಯಾನ" ಅಂದರು ಪಿಎಸ್‌ಐ. "ಇಷ್ಟೆಲ್ಲಾ ಮಾಡಿದಾವ ಆಸ್ಪತ್ರೆಗೆ ಯಾಕ ಒಯ್ಯಲಿಲ್ಲ?"

ಓಬಳೇಶಪ್ಪನಿಗೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ಹೊರಗೆ ಬೊಮ್ಮಮ್ಮ ಹೆಣ ಕೊಡುವುದನ್ನು ಕಾಯುತ್ತ ಗೋಡೆಗೆ ಒರಗಿದ್ದಳು. ಓಬಳೇಶಪ್ಪ ಹತ್ತಿರ ಬಂದದ್ದೇ, "ಯಪ್ಪಾ, ಅವನು ಸಿಕ್ಕರ ಒಂದು ಕೇಳ್ತಿಯಾ?" ಅಂದಳು.

"ಏನವ್ವಾ?"

"ಬಾಯಿಗೆ ನೀರು ಹಾಕ್ಯಾರಂತಲ್ಲ. ಕುಡಿದ್ನಾ? ಏನಾರ ಅಂದ್ನಾ? ಇಷ್ಟು ವರ್ಷ ಬಾಳೇ ಮಾಡಿದಾಕಿ ನಾನು. ಕಡೀ ಮಾತು ಯಾವನೋ ಕೇಳ್ಯಾನ."

ಶಿಕ್ಷೆ ಆಗಲಿ ಅನ್ನಲಿಲ್ಲ, ಪರಿಹಾರ ಎಷ್ಟು ಬರುತ್ತದೆ ಅಂತಲೂ ಕೇಳಲಿಲ್ಲ. ಕೇಳಿದ್ದು ಇದೊಂದೇ. ಓಬಳೇಶಪ್ಪ "ಕೇಳ್ತೀನವ್ವಾ" ಅಂದ. ಅಂದ ಮೇಲೆ, ಯಾಕೆ ಅಂದೆನೋ ಅನಿಸಿತು.

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಎದುರು ಬಾಡಿಗೆ ಗಾಡಿಗಳು ನಿಲ್ಲುತ್ತಿದ್ದವು. ಗೋಕರ್ಣದ ಟ್ರಿಪ್ ಹೊಡೆಯುವ ಗಾಡಿಗಳನ್ನು ಒಂದೊಂದಾಗಿ ನೋಡುತ್ತ ಬಂದರು. ಜೂನ್ 6ರಂದು ಏಕಾಂತಪ್ಪ ಎಂಬುವರ ಟ್ರ್ಯಾಕ್ಸ್ ಮುಂದೆ ಪಿಎಸ್‌ಐ ನಿಂತರು. ಗಾಡಿ ಹಳೆಯದು, ಎಡಗಡೆಯ ಇಂಡಿಕೇಟರ್ ಮಾತ್ರ ಹೊಸದು.

ಏಕಾಂತಪ್ಪ ಹಣೆಯ ತುಂಬ ವಿಭೂತಿ ಹಚ್ಚಿದ ದಪ್ಪ ಆಸಾಮಿ. ಬೀಜ ಗೊಬ್ಬರದ ಅಂಗಡಿ ಇತ್ತು, ಜೊತೆಗೆ ಈ ಗಾಡಿ. "ಬರ್ರಿ ಸಾಹೇಬ್ರ, ಒಳಗ ಕೂತು ನೋಡ್ರಿ. ಹೋದ ತಿಂಗಳ ಸೀಟು ಹೊಲಿಸೀನಿ" ಅಂದರು. ಕೆಂಪು ರೆಕ್ಸಿನ್ ಸೀಟಿನ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹಾಗೇ ಇತ್ತು. ಓಬಳೇಶಪ್ಪ ಕೂತರೆ ಪರ್ ಅಂತ ಸದ್ದಾಯಿತು. ಸೆಖೆಗೆ ತೊಡೆಗೆ ಅಂಟಿದ ಪ್ಲಾಸ್ಟಿಕ್ಕನ್ನು ಅವನು ಸರಿಸಲು ಹೋದ.

"ಏಯ್ ಏಯ್, ತೆಗಿಬ್ಯಾಡ್ರಿ! ಮದುವಿ ಪಾರ್ಟಿ ಕೂರೋ ಸೀಟದು."

"ಇಂಡಿಕೇಟರ್ ಏನಾತು?" ಕೇಳಿದರು ಪಿಎಸ್‌ಐ.

"ಎಮ್ಮಿ ಅಡ್ಡ ಬಂತಂತ್ರಿ. ಡ್ರೈವರ್ ಹೇಳಿದ."

"ಡ್ರೈವರ್ ಎಲ್ಲಿ?"

"ಬಿಟ್ಟು ಹೋಗ್ಯಾನ್ರಿ. ಪಗಾರ ಸೈತ ಕೇಳ್ಲಿಲ್ಲ, ಹುಚ್ಚ ಸೂಳೆಮಗ."

"ರಿಪೇರಿ ಎಲ್ಲಿ ಮಾಡಿಸಿದ್ರಿ?"

ಏಕಾಂತಪ್ಪ ಸ್ವಲ್ಪ ತಡೆದು, "ಹರಪನಹಳ್ಳ್ಯಾಗ" ಅಂದರು.

ಬಾಜೂ ಬೀದಿಯಲ್ಲಿ ನಾಲ್ಕು ಗ್ಯಾರೇಜು ಇರುವಾಗ ಹರಪನಹಳ್ಳಿಗೆ ಯಾಕೆ ಅಂತ ಯಾರೂ ಕೇಳಲಿಲ್ಲ. ನೇರ ಅಲ್ಲಿಗೇ ಹೋದರು. ಗ್ಯಾರೇಜಿನವನು ಎಣ್ಣೆ ಕೈ ಒರೆಸಿಕೊಳ್ಳುತ್ತ ನಕ್ಕ. "ಎಮ್ಮೆ ಅಂತ ನಮಗೂ ಹೇಳಿದ್ರು ಸಾರ್. ಮುಂದಿನ ಗ್ರಿಲ್ಲು ಬಿಚ್ಚಿದ್ರೆ ಒಳಗೆ ಮಂಡಕ್ಕಿ! ಎಮ್ಮೆ ಯಾವ ಸಂತಿಗೆ ಹೊಂಟಿತ್ತಪ್ಪಾ ಅಂತ ನಮ್ ಹುಡ್ರು ಬಿದ್ದು ಬಿದ್ದು ನಕ್ರು." ಪಿಎಸ್‌ಐ ಮುಖ ನೋಡಿ ಅವನ ನಗು ಆರಿತು. ಮೂಲೆಯ ಕಸದ ಡಬ್ಬಿಯಿಂದ ಅರ್ಧ ಹರಿದ ಚಿಪ್ಪಿನ ಸರವನ್ನೂ ಅವನೇ ತೆಗೆದುಕೊಟ್ಟ. ಮುಂದಿನ ಬಂಪರಿಗೆ ಕಟ್ಟಿತ್ತಂತೆ. ಜಪ್ತಿ ಪಂಚನಾಮೆ ಆಯಿತು.

ಎರಡನೇ ಸಲ ಹೋದಾಗ ಏಕಾಂತಪ್ಪನ ಹಣೆಯಲ್ಲಿ ವಿಭೂತಿಗಿಂತ ಬೆವರು ಜಾಸ್ತಿ ಇತ್ತು. ಎಮ್ಮೆಯಲ್ಲ, ಮನುಷ್ಯ ಅಂತ ಆಮೇಲೆ ಗೊತ್ತಾಯಿತು, ಗಾಡಿ ಉಳಿಸಿಕೊಳ್ಳಲು ಸುಮ್ಮನಿದ್ದೆ ಅಂದರು. ಸಾಕ್ಷ್ಯ ಮುಚ್ಚಿಟ್ಟ ಕಲಂ ಅವರ ಮೇಲೂ ಬಿತ್ತು. ಚಾಲಕನ ಹೆಸರು ಅಂಜಿನೇಯಲು, ವಯಸ್ಸು ಇಪ್ಪತ್ತಾರು, ಊರು ಚಿಗಟೇರಿ. ಏಪ್ರಿಲ್‌ನಿಂದ ಮೇ ಕೊನೆಯವರೆಗೆ ಗೋಕರ್ಣಕ್ಕೆ ಅವನೊಬ್ಬನೇ ಗಾಡಿ ಹೊಡೆದದ್ದು. ರಾತ್ರಿ ಹೋಗುವುದು, ಹಗಲು ಅಲ್ಲಿ ನಿಲ್ಲುವುದು, ರಾತ್ರಿ ಹೊರಟು ಬರುವುದು, ಬಂದ ಸಂಜೆ ಮತ್ತೊಂದು ಪಾರ್ಟಿ.

"ನಿದ್ದಿ ಯಾವಾಗ ಮಾಡ್ತಿದ್ದ?"

"ಸೀಸನ್ ಅಂದ್ರ ಹಂಗ ರೀ ಸಾಹೇಬ್ರ" ಅಂದರು ಏಕಾಂತಪ್ಪ.

ಚಿಗಟೇರಿಯಲ್ಲಿ ಅವನ ಅಕ್ಕ ಲಕ್ಷ್ಮಿದೇವಿ ಇದ್ದಳು. ತಾಯಿ ತಂದೆ ಇಲ್ಲದ ತಮ್ಮನನ್ನು ಸಾಕಿದವಳು. ಪೊಲೀಸರನ್ನು ಕಂಡದ್ದೇ ಅಳಲು ಶುರು ಮಾಡಿದಳು. ಓಬಳೇಶಪ್ಪ ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿದು, ಆಕೆ ಅತ್ತು ಮುಗಿಸುವ ತನಕ ಕಾದ.

"ಫೋನಾರ ಮಾಡ್ಯಾನೇನವ್ವಾ?"

"ಒಂದ ಸಲ ರೀ. ಎಸ್‌ಟಿಡಿ ಅಂಗಡಿಯಾವ ಬಂದು ಕರದ. ಏನೋ ಭೋರಂತ ಸದ್ದು, ಮಾತ ಕೇಳವಲ್ದು. ಎಲ್ಲಿದಿಯೋ ಅಂದ್ರ ಹೇಳ್ಲಿಲ್ಲ. ರೊಟ್ಟಿ ಹಿಟ್ಟು ಹೆಂಗ ನಾದಬೇಕಕ್ಕ ಅಂದ."

"ರೊಟ್ಟಿ?"

"ಹೂನ್ರಿ. ಎಸರು ಕುದಿಬೇಕಾ, ಉಗುರುಬೆಚ್ಚಗ ಸಾಕಾ ಅಂತ ಕೇಳಿದ. ನೀನ್ಯಾವಾಗ ರೊಟ್ಟಿ ಬಡಿಯಾಕ ನಿಂತಿಯೋ ಅಂತ ನಾನು ನಕ್ಕೆ. ಇಲ್ಲಿ ಬರೇ ಅನ್ನ ಅಕ್ಕ, ರೊಟ್ಟಿ ಒಂದು ಬೇಕಾಗೈತಿ ಅಂದ." ಆಕೆ ಕಣ್ಣೊರೆಸಿಕೊಂಡಳು. "ನಗಬಾರದಿತ್ತು ಕಾಣ್ತತಿ."

ಜೀಪು ಹತ್ತುವಾಗ ಪಿಎಸ್‌ಐ ಕೇಳಿದರು, "ಓಬಳೇಶಪ್ನೋರೆ, ಸಮುದ್ರ ನೋಡೀರೇನು?"

"ಇಲ್ಲ ಸಾರ್."

"ಸರಕಾರನ ತೋರಿಸ್ತತಿ ನಡ್ರಿ."

ಹೊರಡುವ ಹೊತ್ತಿಗೆ ಮಾರೆಮ್ಮ ಚೀಲದಲ್ಲಿ ಬುತ್ತಿಯ ಜೊತೆ ಒಂದು ಖಾಲಿ ಬಾಟಲಿ ಇಟ್ಟಳು. "ಸಮುದ್ರದ ನೀರು ಉಪ್ಪಂತ. ಹಿಡ್ಕೊಂಡು ಬಾ, ನೋಡಾಣ. ನನ್ನಂತೂ ನೀ ಕರ್ಕೊಂಡು ಹೋಗಂಗಿಲ್ಲ."

"ಡ್ಯೂಟಿ ಮ್ಯಾಲೆ ಹೊಂಟೀನಿ ಕಣೇ."

"ಬಾಟ್ಲಿ ಡ್ಯೂಟಿಗೆ ಅಡ್ಡ ಬರ್ತತೇನು?"

ಹರಪನಹಳ್ಳಿ, ಹಾವೇರಿ, ಶಿರಸಿ. ಶಿರಸಿ ದಾಟಿದ ಮೇಲೆ ಬಸ್ಸಿನ ಸೂರು ಸೋರತೊಡಗಿತು. ಘಟ್ಟ ಇಳಿಯುವಾಗ ಓಬಳೇಶಪ್ಪನ ಮೊಣಕಾಲು ಹಿಡಿದುಕೊಂಡವು. ಕುಮಟಾದಲ್ಲಿ ಇನ್ನೊಂದು ಬಸ್ಸು. ಜೂನ್ 21, ಗುರುವಾರ ಬೆಳಿಗ್ಗೆ ಗೋಕರ್ಣದಲ್ಲಿ ಇಳಿದಾಗ ಇಬ್ಬರ ಬಟ್ಟೆಯೂ ಮೈಗೆ ಅಂಟಿತ್ತು. ಊರಲ್ಲಿ ಅವತ್ತು ಮಣ್ಣೆತ್ತಿನ ಅಮಾವಾಸ್ಯೆ. ಮಾರೆಮ್ಮ ಹುತ್ತದ ಮಣ್ಣಿನಲ್ಲಿ ಎತ್ತು ಮಾಡುತ್ತಿರುತ್ತಾಳೆ ಅಂತ ಓಬಳೇಶಪ್ಪ ನೆನಸಿಕೊಂಡ.

ಸ್ಥಳೀಯ ಠಾಣೆಯಲ್ಲಿ ವರದಿ ಮಾಡಿಕೊಂಡರು. ಅಲ್ಲಿನ ಪೇದೆ ಆಕಳಿಸುತ್ತ, "ಈಗ ಇಲ್ಲಿ ಯಾರು ಸಿಕ್ತ್ರು? ಎಲ್ಲಾ ಬಾಗ್ಲು ಹಾಕಿದ್ರು" ಅಂದ. ಬೇಕಾದರೆ ಜೊತೆಗೆ ಬರುತ್ತೇನೆ ಅಂದವನು, ಮಳೆ ನೋಡಿ, ಬೇಕಾದರೆ ಕರೆಯಿರಿ ಅಂದ.

ಬಾಗಿಲು ಹಾಕಿದ್ದು ನಿಜವೇ ಆಗಿತ್ತು. ಸಮುದ್ರಕ್ಕೆ ಹೋಗುವ ಬೀದಿಯ ಅಂಗಡಿಗಳಿಗೆಲ್ಲ ನೀಲಿ ತಾಡಪತ್ರಿ ಕಟ್ಟಿತ್ತು. ಐಸ್‌ಕ್ರೀಮಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಮೇಲೆ ಕಲ್ಲು ಹೇರಿದ್ದರು. ಮನೆಗಳ ಗೋಡೆಗೆ ಮಳೆ ಬಡಿಯದ ಹಾಗೆ ತೆಂಗಿನ ಗರಿಯ ತಟ್ಟಿ. 'ಬಿಸಿನೀರು ಲಭ್ಯ', 'ಕುಟುಂಬದವರಿಗೆ ಪ್ರತ್ಯೇಕ ಕೋಣೆ' ಅಂತ ಬರೆದ ಬೋರ್ಡುಗಳು ಗಾಳಿಗೆ ಕಿರ್ ಕಿರ್ ಅನ್ನುತ್ತಿದ್ದವು. ಎರಡು ತಿಂಗಳು ಊರನ್ನು ತುಳಿದು ಜನ ಹೋಗಿದ್ದರು. ಜಾತ್ರೆ ಎದ್ದ ಬಯಲಿನ ಹಾಗೆ ಊರು ಮೈಚೆಲ್ಲಿ ಮಲಗಿತ್ತು.

ಬೀದಿ ಮುಗಿದಲ್ಲಿ ಸಮುದ್ರ. ಓಬಳೇಶಪ್ಪ ಕೊಡೆ ಹಿಡಿದು ನಿಂತ. ಲೈನಿನ ಮನೆಗಳ ಫೋಟೋದಲ್ಲಿದ್ದ ನೀಲಿ ಅಲ್ಲಿರಲಿಲ್ಲ. ಹೊಲದ ಮೇಲೆ ಹರಿದುಬಂದ ಮಳೆನೀರಿನ ಬಣ್ಣದ್ದೇ ನೀರು, ಅದು ಮುಗಿಯುವ ಜಾಗ ಕಾಣುತ್ತಿರಲಿಲ್ಲ. ಬರುವುದು, ಬೀಳುವುದು, ಎಳೆದುಕೊಂಡು ಹೋಗುವುದು, ಮತ್ತೆ ಬರುವುದು. ಇದಕ್ಕೂ ಪಾಳಿ ಇದ್ದ ಹಾಗಿಲ್ಲವಲ್ಲ ಅಂದುಕೊಂಡ. ದಂಡೆಯಲ್ಲಿ ಮೇಲೆಳೆದ ದೋಣಿಗಳನ್ನು ಬಿಟ್ಟರೆ ಒಂದು ನರಪಿಳ್ಳೆ ಇರಲಿಲ್ಲ.

"ಹೆಂಗೈತಿ?" ಕೇಳಿದರು ಪಿಎಸ್‌ಐ.

"ಸದ್ದು ಭಾಳ ಸಾರ್."

ಒಂದೊಂದೇ ಲಾಡ್ಜಿಗೆ ಹೋದರು. ಕಡೆಗೆ, ದಂಡೆಯ ತುದಿಯಲ್ಲಿದ್ದ ಎರಡಂತಸ್ತಿನ ಲಾಡ್ಜಿಗೆ ಬಂದಾಗ ಹನ್ನೊಂದು ಗಂಟೆ. ನೋಡಿಕೊಳ್ಳುವ ತಿಮ್ಮಣ್ಣ ನಾಯ್ಕ ಜಗುಲಿಯಲ್ಲಿ ಕೂತು ಬೆಂಕಿಪೆಟ್ಟಿಗೆ ಒಣಗಿಸಲು ಎದೆಗೆ ಉಜ್ಜುತ್ತಿದ್ದ.

"ರೂಮು ಇಲ್ರೋ. ಸೀಸನ್ ಮುಗ್ದೋಯ್ತು. ನವರಾತ್ರಿಗೆ ಬನ್ನಿ."

"ರೂಮು ಬ್ಯಾಡ" ಅಂತ ಪಿಎಸ್‌ಐ ಫೋಟೋ ಹಿಡಿದರು. ಚಿಗಟೇರಿಯ ಅಕ್ಕ ಕೊಟ್ಟದ್ದು. "ಇವನು ಇಲ್ಲಿಗೆ ಗಾಡಿ ತರ್ತಿದ್ದ."

"ಎಷ್ಟು ಜನ ತರ್ತ್ರು ಸಾಯೇಬ್ರೆ. ನೆನಪಿಟ್ಕಂಬುಕಾತ್ತಾ?"

"ಈಗ ಇಲ್ಲಿ ಯಾರಿದ್ದಾರೆ?"

"ನಾ ಒಬ್ನೇ."

ಅವನು ಹೇಳಿದ ರೀತಿಯಲ್ಲಿ ಸುಳ್ಳೇನೂ ಕಾಣಲಿಲ್ಲ. ಪಿಎಸ್‌ಐ ಫೋಟೋ ಜೇಬಿಗಿಟ್ಟರು. ಓಬಳೇಶಪ್ಪ ಮೂತ್ರಕ್ಕೆಂದು ಹಿತ್ತಲ ಕಡೆ ಹೋದ. ಹೋದವನು ಗೋಡೆಯ ಮೂಲೆಯಲ್ಲೇ ನಿಂತುಬಿಟ್ಟ.

ಹಿತ್ತಲ ಕಾಂಪೌಂಡಿನ ಮೇಲೆ ಬಾಳೆ ಎಲೆಯ ತುಂಡು ಹಾಸಿತ್ತು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಕಲ್ಲು. ಎಲೆಯ ಮೇಲೆ ಜೋಳದ ರೊಟ್ಟಿ ಇತ್ತು. ಬಡಿಯಲು ಬಾರದ ಕೈ ಬಡಿದದ್ದು, ಒಂದು ಕಡೆ ದಪ್ಪ, ಒಂದು ಕಡೆ ಸೀಳು, ಅಂಚೆಲ್ಲ ಕರಕಲು. ಪಕ್ಕದಲ್ಲಿ ಅರ್ಧ ಉಳ್ಳಾಗಡ್ಡಿ, ಒಂದು ಲೋಟ ನೀರು, ಒಂದು ಬೀಡಿ.

ಎಡೆ. ಅಮಾವಾಸ್ಯೆ ದಿನ ಸತ್ತವರಿಗೆ ಇಡುವ ಎಡೆ. ಪಿಂಡ ಇಡಿಸುವ ಭಟ್ಟರು ಬೀದಿಗೊಬ್ಬರಿರುವ ಊರಿನಲ್ಲಿ ಯಾರೋ ರೊಟ್ಟಿ, ಉಳ್ಳಾಗಡ್ಡಿ, ಬೀಡಿ ಇಟ್ಟಿದ್ದರು. ಇದು ಈ ಸೀಮೆಯವರ ಕೆಲಸ ಅಲ್ಲ.

ಬಚ್ಚಲ ಮನೆಯ ಸೂರಿನ ಕೆಳಗೆ ಒಬ್ಬ ಕೈ ಮುಗಿದು ನಿಂತಿದ್ದ. ಮೊಣಕೈವರೆಗೆ ಹಿಟ್ಟು. ಫೋಟೋಗಿಂತ ಮುಖ ಬಹಳ ಇಳಿದಿತ್ತು. ಅವನ ಕಣ್ಣು ತೆಂಗಿನ ಮರದಲ್ಲಿ ಕೂತ ಕಾಗೆಯ ಮೇಲಿತ್ತು.

ಹಿಂದಿನಿಂದ ಬಂದ ಪಿಎಸ್‌ಐ ಮುಂದಕ್ಕೆ ಕಾಲಿಟ್ಟರು. ಓಬಳೇಶಪ್ಪ ಅವರ ರಟ್ಟೆ ಹಿಡಿದ. ಮೇಲಧಿಕಾರಿಯ ಮೈ ಮುಟ್ಟಿದ್ದು ಅದೇ ಮೊದಲು.

"ಒಂದೀಟು ತಡೀರಿ ಸಾರ್. ಕಾಗಿ ಮುಟ್ಲಿ."

"ಓಡಿದ್ರ?"

"ಅದ ಮುಟ್ಟೋತನ ಅವನು ಎಲ್ಲಿಗೂ ಹೋಗಂಗಿಲ್ಲ."

ಮಳೆಯಲ್ಲಿ ನಿಂತರು. ತಿಮ್ಮಣ್ಣ ನಾಯ್ಕನೂ ಬಂದು ಹಿಂದೆ ನಿಂತ. ಕಾಗೆ ಇಳಿಯಿತು, ಗೋಡೆಯ ಮೇಲೆ ಎರಡು ಹೆಜ್ಜೆ ಕುಪ್ಪಳಿಸಿ ಹಿಂದಕ್ಕೆ ಸರಿಯಿತು. ಸೂರಿನ ಕೆಳಗಿದ್ದವನು ತುಟಿಯಲ್ಲೇ ಏನೋ ಬೇಡಿಕೊಂಡ. ಕಾಗೆ ಬಗ್ಗಿ ರೊಟ್ಟಿಯ ಸೀಳಿದ ತುಂಡನ್ನು ಕಚ್ಚಿ ಎಳೆದು ಹಾರಿತು.

ಅವನು ಮುಗಿದ ಕೈ ಇಳಿಸಿ, ತಿರುಗಿ, ಖಾಕಿ ನೋಡಿದ. ಓಡಲಿಲ್ಲ. ಸಂಜೆ ಭಟ್ಟಿ ಆರಿಸಿ ಕೂತ ಕೂಲಿಯವನ ಹಾಗೆ, ಇದ್ದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಕೊಟ್ಟೂರಿಂದ ಬಂದ್ರ್ಯಾ?" ಅಂದ.

ಹನ್ನೊಂದೂ ನಲವತ್ತಕ್ಕೆ ದಸ್ತಗಿರಿ. ಜಗುಲಿಯಲ್ಲಿ ಕೂರಿಸಿ ಹೇಳಿಕೆ ಬರೆದುಕೊಂಡರು.

"ಏನಾತು ಹೇಳು."

"ಕಣ್ಣು ಮುಚ್ಚಿತ್ರಿ ಸಾರ್. ಅವತ್ತ ಹಗಲ ಹೊಂಟು ಬಂದಿದ್ವಿ. ಹೊತ್ತು ಮುಳುಗೋ ಮುಂದ ಕೊಟ್ಟೂರಾಗ ಪಾರ್ಟಿ ಇಳಿಸಿ ಒಬ್ನ ಹೊಂಟಿದ್ದೆ. ಸದ್ದಿಗೆ ಎಚ್ಚರಾತು."

"ಅವಾಗ ಜೀವ ಇತ್ತಾ?"

"ಇತ್ರಿ. ನೀರು ಕೇಳಿದ. ಕ್ಯಾನಿನಾಗ ಇತ್ತು, ಕುಡಿಸಿದೆ. ಮುಖ ತೊಳೆದೆ."

"ಏನಾರ ಅಂದ್ನಾ?" ಈ ಪ್ರಶ್ನೆ ಕೇಳಿದ್ದು ಓಬಳೇಶಪ್ಪ.

"ಸೈಕಲ್ಲು ಎಲ್ಲೈತಿ ಅಂದ. ತೋರಿಸಿದೆ. ಎತ್ತಿ ನಿಲ್ಲಿಸಪ್ಪ, ಕೀಲಿ ಹಾಕು, ಯಾರಾರ ಒಯ್ತಾರ ಅಂದ. ಹಾಕಿದೆ. ಕೀಲಿಕೈ ಜೇಬಿಗೆ ಹಾಕು ಅಂದ. ಹಾಕಿದೆ. ಹೇಳಿದ್ದೆಲ್ಲಾ ಮಾಡಿದ್ನ್ರಿ ಸಾರ್."

"ಆಸ್ಪತ್ರೆಗೆ ಯಾಕ ಒಯ್ಯಲಿಲ್ಲ?"

ಅಂಜಿನೇಯಲು ಕೈಗೆ ಅಂಟಿದ ಹಿಟ್ಟನ್ನು ಕೆರೆಯತೊಡಗಿದ. ಪಿಎಸ್‌ಐ ಮತ್ತೊಮ್ಮೆ ಕೇಳಬೇಕಾಯಿತು.

"ಒಯ್ಯಾಕಂತ ಗಾಡಿ ಬಾಗ್ಲಾ ತೆಗೆದೆ ಸಾರ್. ಸೀಟು ಕಂಡವು. ಹೊಸವು. ಮರುದಿನ ಮದುವಿ ಪಾರ್ಟಿ. ಒಂದು ಕಲೆ ಆದ್ರ ಚರ್ಮ ಸುಲೀತೀನಿ ಅಂದಿದ್ರು ಮಾಲಕ್ರು. ನನ್ನ ಸೈತ ಮ್ಯಾಲೆ ಮಲಗಾಕ ಬಿಡ್ತಿರಲಿಲ್ಲ, ಗಾಡಿ ಕೆಳಗ ಮಲಗ್ತಿದ್ದೆ. ಏನಾರ ಹಾಸೋಣ ಅಂತ ಹುಡುಕಿದೆ. ಸೀಟಿನ ಕೆಳಗ ಹುಡುಕಿದೆ, ಹಿಂದ ಹುಡುಕಿದೆ. ಒಂದು ಗೋಣಿಚೀಲ ಸಿಗಲಿಲ್ಲ. ಎಷ್ಟೊತ್ತು ಹುಡುಕಿದ್ನೋ. ನಿದ್ದಿ ಇಲ್ಲದ ತಲಿ ಸಾರ್, ಒಂದ ಕಡೆ ನಿಂತುಬಿಡ್ತತಿ. ತಿರುಗಿ ಬರೋದ್ರಾಗ ಮುದುಕ ಸುಮ್ಮನಾಗಿದ್ದ."

"ಸತ್ತಿದ್ನಾ?"

"ನೋಡಾಕ ಧೈರ್ಯ ಆಗ್ಲಿಲ್ಲ."

ಹೊರಗೆ ಅಲೆ ಬಿದ್ದ ಸದ್ದಾಯಿತು. ಪಿಎಸ್‌ಐ ಪೆನ್ನಿನ ಕ್ಯಾಪು ಹಾಕಿ, ಮತ್ತೆ ತೆಗೆದರು.

"ಎಡಿ ಯಾಕ ಇಟ್ಟಿ?"

"ಕಡೀ ನೀರು ಬಿಟ್ಟಾವ ನಾನಲ್ಲೇನ್ರಿ. ಬಿಟ್ಟಾವ ಎಡಿ ಇಡಬೇಕಲ್ರಿ." ಆಮೇಲೆ ಕೇಳಿದ, "ಅವನ ಹೆಸರೇನ್ರಿ ಸಾರ್? ಹೆಸರು ಗೊತ್ತಿಲ್ಲದ ಇಟ್ಟೀನಿ."

"ಮೈಲಪ್ಪ."

ಅಂಜಿನೇಯಲು ಆ ಹೆಸರನ್ನು ಒಮ್ಮೆ ಮೆಲ್ಲಗೆ ಅಂದುಕೊಂಡ.

ಎದ್ದು ಹೊರಟಾಗ ತಿಮ್ಮಣ್ಣ ನಾಯ್ಕ ಅಡ್ಡ ಬಂದ. "ಎಂತ ಮಾಡ್ಯಾನಂತ ನಂಗೆ ಗೊತ್ತಿಲ್ಲ ಸಾಯೇಬ್ರೆ. ಬಂದವನು ಎರಡು ದಿನ ಮಲಗೇ ಇದ್ದ. ಎಬ್ಸೂಕೆ ಮನ್ಸಾಗ್ಲಿಲ್ಲ."

ಬಸ್ಸಿಗೆ ಇನ್ನೂ ಹೊತ್ತಿತ್ತು. ಓಬಳೇಶಪ್ಪ ಚೀಲದಿಂದ ಬಾಟಲಿ ತೆಗೆದು ಪಿಎಸ್‌ಐ ಮುಖ ನೋಡಿದ. ಅವರು ಕೈ ಬೀಸಿ ಹೋಗು ಅಂದರು. ಬೇಡಿಯ ಇನ್ನೊಂದು ತುದಿ ಓಬಳೇಶಪ್ಪನ ಕೈಯಲ್ಲೇ ಇದ್ದುದರಿಂದ ಅಂಜಿನೇಯಲೂ ಜೊತೆಗೇ ನೀರಿಗಿಳಿಯಬೇಕಾಯಿತು.

"ಮೊದಲನೇ ಸಲ ಏನ್ರಿ ಸಾರ್?"

"ಹೂನಪ್ಪ. ನೀನು?"

"ಲೆಕ್ಕ ಇಲ್ಲದಷ್ಟು ಸಲ ಬಂದೀನ್ರಿ. ನೀರಿಗಿಳಿದಿದ್ದು ಇವತ್ತ."

ಅಲೆ ಬಂದು ಇಬ್ಬರ ಪ್ಯಾಂಟನ್ನೂ ತೊಡೆಯವರೆಗೆ ನೆನೆಸಿತು. ಬಾಟಲಿಯಲ್ಲಿ ನೀರಿಗಿಂತ ಮರಳೇ ಜಾಸ್ತಿ ಬಂತು.

ಮರುದಿನ ಕೂಡ್ಲಿಗಿ ನ್ಯಾಯಾಲಯಕ್ಕೆ ಹಾಜರುಪಡಿಸಿದರು. ಜಾಮೀನು ಸಿಗುವ ಕಲಂ. ಲಕ್ಷ್ಮಿದೇವಿ ಊರಿನವರೊಬ್ಬರ ಕೈಕಾಲು ಹಿಡಿದು ಕರೆತಂದಿದ್ದಳು. ಸಂಜೆಯೊಳಗೆ ತಮ್ಮನನ್ನು ಬಿಡಿಸಿಕೊಂಡು ಹೋದಳು. ಹೋಗುವಾಗ ಅವನು ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದ. ಮಾರೆಮ್ಮ ಬಾಟಲಿಯ ನೀರನ್ನು ನಾಲಿಗೆಗೆ ಹಚ್ಚಿ ಥೂ ಅಂತ ಉಗಿದು, "ಇದಕ್ಕ ಅಷ್ಟು ದೂರ ಸಾಯ್ತಾವಾ ಮಂದಿ!" ಅಂದಳು. ಆದರೂ ಬಾಟಲಿಯನ್ನು ಚೆಲ್ಲದೆ ದೇವರ ಗೂಡಿನ ಹತ್ತಿರ ಇಟ್ಟಳು.

ದೋಷಾರೋಪಣ ಪಟ್ಟಿ ಬರೆಯುವಾಗ ಓಬಳೇಶಪ್ಪ ಕೇಳಿದ, "ಕಾರಣ ಏನಂತ ಬರೀಲಿ ಸಾರ್?"

"ಅತಿವೇಗ ಮತ್ತು ನಿರ್ಲಕ್ಷ್ಯತನ."

"ಸೀಟಿಂದು?"

ಪಿಎಸ್‌ಐ ಟೋಪಿ ಹಾಕಿಕೊಂಡು ಎದ್ದರು. "ಯಾವಾಗ್ಲೂ ಬರಿಯೋದ ಬರೀರಿ" ಅಂದರು.

ಜುಲೈ ಎರಡನೇ ವಾರ ನ್ಯಾಯಾಲಯ ಸೈಕಲ್ಲನ್ನು ವಾರಸುದಾರರಿಗೆ ಬಿಟ್ಟುಕೊಟ್ಟಿತು. ಓಬಳೇಶಪ್ಪ ಕೀಲಿ ತೆಗೆದು ಅದನ್ನು ಒಂದು ಟೆಂಪೋದಲ್ಲಿ ಹೇರಿಸಿಕೊಂಡು ತಾನೇ ಹಟ್ಟಿಗೆ ಹೋದ. ಪೇದೆಯ ಕೈಲಿ ಕಳಿಸಬಹುದಿತ್ತು. ಬೊಮ್ಮಮ್ಮ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು.

"ಕೇಳಿದ್ಯಾ ಯಪ್ಪಾ?"

"ಕೇಳಿದೆ. ನೀರು ಕುಡಿದಾನವ್ವಾ. ಕೇಳಿ ಕುಡಿದಾನ."

ಆಕೆಯ ಕೈ ನಿಂತಿತು. "ಏನಂದ್ನಂತ?"

ಓಬಳೇಶಪ್ಪ ಹೇಳಿದ. ಸೈಕಲ್ಲು ಎಲ್ಲೈತಿ ಅಂದದ್ದು, ಕೀಲಿ ಹಾಕು ಅಂದದ್ದು, ಕೀಲಿಕೈ ಜೇಬಿಗೆ ಹಾಕು ಅಂದದ್ದು. ಬೊಮ್ಮಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಭುಜ ಕುಣಿಯುವಷ್ಟು ನಕ್ಕಳು. "ಅವನ ನೋಡು, ಅವನ! ನಮ್ಮವ್ವ ಸತ್ತಾಗ ಸುಡುಗಾಡದಾಗೂ ಕೀಲಿ ಹಾಕಿ ಬಂದಿದ್ದ."

ನಗು ಹಾಗೇ ಸ್ವಲ್ಪ ಹೊತ್ತು ನಡೆದು ನಿಂತಿತು.

"ಯಪ್ಪಾ, ಅಷ್ಟು ಮಾತಾಡ್ತಿದ್ನಾ?"

"ಹೂನವ್ವಾ."

"ಮತ್ತ ಯಾಕ ಒಯ್ಯಲಿಲ್ಲ?"

"ಅಂಜಿದ್ನಂತ."

"ಯಾರಿಗೆ? ಇವನಿಗಾ?"

ಓಬಳೇಶಪ್ಪನಿಗೆ ಸೀಟು ಅನ್ನುವ ಮಾತು ಗಂಟಲಿಗೆ ಬಂದಿತ್ತು. "ಮಾಲಕಗ" ಅಂದ. ಆಕೆ ತಲೆ ಆಡಿಸಿದಳು. ಮಾಲಕನಿಗೆ ಅಂಜುವುದು ಆಕೆಗೆ ತಿಳಿಯದ ವಿಷಯವೇನಲ್ಲ.

"ಎಡಿ ಇಟ್ಟಿದ್ನಂತ. ಚೌಡಣ್ಣ ಕೋರ್ಟಿನಾಗ ಕೇಳ್ಕೊಂಡು ಬಂದ. ನಾನೂ ಇಟ್ಟಿದ್ನಪ್ಪ ಅವತ್ತ. ಹೋಳಿಗಿ ಮಾಡಿದ್ದೆ. ಹೊತ್ತು ಮುಳುಗಿದ್ರೂ ಕಾಗಿ ಮುಟ್ಟಲಿಲ್ಲ." ಆಕೆ ಅವನನ್ನೇ ನೋಡಿದಳು. "ಅವನದು ಮುಟ್ಟಿತಾ?"

ಬೆಂದು ಸೀದು ಸೀಳಿದ ಆ ರೊಟ್ಟಿ ಓಬಳೇಶಪ್ಪನ ಕಣ್ಣ ಮುಂದೆ ಬಂತು. ಇಲ್ಲ ಅಂದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಕಂಡದ್ದನ್ನು ಕಂಡಂತೆ ಬರೆದು ಬರೆದು ಅವನ ಕೈಗೆ ಅಷ್ಟೇ ರೂಢಿಯಾಗಿತ್ತು, ಬಾಯಿಗೂ.

"ಮುಟ್ಟಿತವ್ವಾ."

ಬೊಮ್ಮಮ್ಮ ಹುಣಸೆಬೀಜ ಒಂದನ್ನು ಬೆರಳಲ್ಲಿ ಹೊರಳಿಸಿದಳು. "ಹಂಗಾದ್ರ ಅಲ್ಲೇ ಉಂಡ" ಅಂದಳು. "ಹೊಟ್ಟಿ ತುಂಬಿತ್ತು. ಅದಕ್ಕ ಇಲ್ಲಿಗೆ ಬರಲಿಲ್ಲ."

ಎದ್ದು ಬಂದು ಸೈಕಲ್ಲು ಹಿಡಿದಳು. ಹಿಂದಿನ ಗಾಲಿ ತಿರುಗದು, ಎಳೆದುಕೊಂಡೇ ಒಳಗೆ ಒಯ್ದು ಒಲೆಯ ಪಕ್ಕದ ಗೋಡೆಗೆ ಒರಗಿಸಿದಳು. ಓಬಳೇಶಪ್ಪ ಕೀಲಿಕೈ ಕೊಟ್ಟು ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಹಾಕಿಸಿಕೊಂಡ. ಹೊಸಿಲು ದಾಟಿ ಅಂಗಳಕ್ಕೆ ಬರುವಾಗ ಹಿಂದೆ ಟಕ್ ಅಂತ ಸದ್ದಾಯಿತು. ತಿರುಗಿ ನೋಡಿದ. ಬೊಮ್ಮಮ್ಮ ಸೈಕಲ್ಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.